ಆರ್‌ಸಿಸಿ ಮನಿಗೆ ಸಬ್ಸಿಡಿ, ಪತ್ರಾಸ್ ಮನಿಗೆ ಬಿಸಿಲು

(ಹಳೇ ಹುಬ್ಬಳ್ಳಿಯ ಓಣಿಯೊಂದರ ಸಮುದಾಯ ಭವನದಾಗ ಆಡಿದ ಮಾತು, ರೆಕಾರ್ಡಿಂಗ್ ಕೇಳಿ ಬರಹಕ್ಕ ಇಳಿಸಿದ್ದು)

ಮೊದಲ ಒಂದ ಪ್ರಶ್ನೆ ಕೇಳ್ತೀನಿ, ಕೈ ಎತ್ರಿ. ನಮ್ಮ ಮನಿ ಕರೆಂಟ್ ಮೀಟರ್ ನಮ್ಮ ಹೆಸರಲೇ ಐತಿ ಅನ್ನೋರು ಎಷ್ಟ ಮಂದಿ? ನೋಡ್ರಿ, ಮುಂದಿನ ಸಾಲಿನ್ಯಾಗ ನಾಕೈದ ಕೈ, ಹಿಂದ ಒಂದೆರಡು. ಉಳದೋರದು ಮಾಲಕರ ಹೆಸರಿಗೆ ಇರತೈತಿ, ಇಲ್ಲಾ ಯಾವಾಗೋ ತೀರಿಕೊಂಡ ಅಜ್ಜಾರ ಹೆಸರಿಗೆ ಇರತೈತಿ, ವಾರಸಾ ಮಾಡ್ಸಾಕ ಅಣ್ಣತಮ್ಮರು ಒಂದ ಕಡೆ ಸೇರೂದಿಲ್ಲ, ಹಂಗ ನಡಕೊಂಡ ಹೊಂಟೈತಿ. ಇನ್ನೊಂದ ಪ್ರಶ್ನೆ. ತಲಿ ಮ್ಯಾಲ ಆರ್‌ಸಿಸಿ ಸ್ಲ್ಯಾಬ್ ಐತಿ, ಅದರ ಉತಾರ, ಅಂದ್ರ ಮಾಲಕಿ ದಾಖಲೆ, ನನ್ನ ಹೆಸರಿಗೆ ಐತಿ ಅನ್ನೋರು? ಇನ್ನೂ ಕಡಿಮಿ ಆತು. ಸರಿ, ಕೈ ಇಳಸ್ರಿ. ಮನಿ ಕರೆಂಟ್ ಉಳಸೋ ಯೋಜನೆ, ಸೋಲಾರ್ ಯೋಜನೆ, ಸಬ್ಸಿಡಿ ಇವೆಲ್ಲಾ ಬಡವರಿಗೆ ಯಾಕ ಮುಟ್ಟವಲ್ವು ಅನ್ನೂದಕ್ಕ ಅರ್ಧ ಉತ್ತರ ಈಗ ಇಲ್ಲೇ ಕೈಯಾಗ ಕಂಡಂಗಾತು.

ಸೋಲಾರ್ ಇಂದ ಶುರು ಮಾಡೋಣು, ಯಾಕಂದ್ರ ಎಲ್ಲಾರೂ ಅದನ್ನ ಕೇಳ್ತೀರಿ. ಪಿಎಂ ಸೂರ್ಯ ಘರ್ ಅಂತ 2024ರ ಫೆಬ್ರುವರಿಯೊಳಗ ಬಂತು, ಒಂದ ಕೋಟಿ ಮನಿಗೆ ಹಾಕಸೂದು ಗುರಿ, ಇಟ್ಟ ರೊಕ್ಕ 75,021 ಕೋಟಿ ರೂಪಾಯಿ. ಒಂದ ಕಿಲೋವ್ಯಾಟ್ ಹಾಕ್ಸಿದ್ರ 30,000 ಸಬ್ಸಿಡಿ, ಎರಡ ಹಾಕ್ಸಿದ್ರ 60,000, ಮೂರು ಇಲ್ಲಾ ಅದಕ್ಕೂ ಹೆಚ್ಚ ಹಾಕ್ಸಿದ್ರ 78,000, ಅದರ ಮ್ಯಾಲ ಇಲ್ಲ. ಚಲೋ ಯೋಜನೆನ ಅದು, ನಾ ಅದನ್ನ ಬಯ್ಯಾಕ ಬಂದಿಲ್ಲ. ಆದ್ರ ಲೆಕ್ಕಾ ಹಾಕ್ರಿ. ಒಂದ ಕಿಲೋವ್ಯಾಟ್ ಪ್ಯಾನೆಲ್ಲಿಗೆ ಸುಮಾರು 100 ಚದರಡಿ ನೆರಳ ಬೀಳದ ಗಟ್ಟಿ ಜಾಗಾ ಬೇಕು, ಅದು ನಿಮ್ಮದ ಆಗಿರಬೇಕು, ಮೀಟರ್ ನಿಮ್ಮ ಹೆಸರಲೇ ಇರಬೇಕು, ಮೊದಲ ರೊಕ್ಕಾ ಹಾಕಿ ಕೂಡಸಬೇಕು, ಕೂಡಸಿದ ಮ್ಯಾಲ ಬಂದು ನೋಡಿ ಆಮ್ಯಾಲ ಸಬ್ಸಿಡಿ ಖಾತೆಗೆ ಬೀಳತೈತಿ. ಗಿರವಿ ಇಲ್ದ ಸಾಲಾನೂ ಕೊಡ್ತಾರ ಬ್ಯಾಂಕಿನ್ಯಾಗ, ಖರೆ, ಆದ್ರ ದಿನಗೂಲಿಗೆ ಹೋಗಾವಗ ತಿಂಗಳಿಗೊಮ್ಮೆ ತಪ್ಪದ ಇಷ್ಟ ಕಟ್ಟು ಅಂದ್ರ ಅವಗ ಪಗಾರ ಚೀಟಿ ಎಲ್ಲಿಂದ ಬರಬೇಕು? ಅವ ವಾರದ ಕಂತು ಕಟ್ಟಬಲ್ಲ, ಸಂಘದಾಗ ಕಟ್ಟತಾನೂ ಕಟ್ಟತಾನ, ಒಂದ ವಾರ ಬಿಡೂದಿಲ್ಲ. ಬ್ಯಾಂಕಿಗೆ ಆ ಲೆಕ್ಕಾ ಬರೂದಿಲ್ಲ ಅಷ್ಟ.

ಇನ್ನೊಂದ ಮಾತು ಇದರಾಗ ಅಡಗೈತಿ. ಎಲ್ಲಾಕಿಂತ ದೊಡ್ಡ ಸಬ್ಸಿಡಿ, 78,000, ಯಾರಿಗೆ ಸಿಗತೈತಿ? ಮೂರ ಕಿಲೋವ್ಯಾಟ್ ಹಾಕಸೋರಿಗೆ. ಒಂದ ಕಿಲೋವ್ಯಾಟಿಗೆ ದಿನಕ್ಕ 4 ಯೂನಿಟ್ ಹಿಡದ್ರ ಮೂರಕ್ಕ ತಿಂಗಳಿಗೆ 350 ಯೂನಿಟ್ ಆಜುಬಾಜು ಆತು. ಅಷ್ಟು ಉರಸೂ ಮನಿ ಅಂದ್ರ ಎರಡ ಎಸಿ, ದೊಡ್ಡ ಫ್ರಿಜ್, ಗೀಝರ್ ಇರೂ ಮನಿ. ವಿದ್ಯಾನಗರ, ಕೇಶ್ವಾಪುರದಾಗ ಮ್ಯಾಲ ನೋಡಕೊಂತ ಹೋಗ್ರಿ, ನೀಲಿ ಪ್ಯಾನೆಲ್ ಸಾಲ ಕಾಣತಾವು. ಮಂಟೂರ ರಸ್ತೆ ಕಡೆ ಹೋಗಿ ನೋಡ್ರಿ, ಪತ್ರಾಸ್, ಅಂದ್ರ ತಗಡಿನ ಚಾವಣಿ, ಅದರ ಮ್ಯಾಲ ಕಲ್ಲು, ಟೈರು, ಹಳೇ ಸೈಕಲ್ ಕಾಣತಾವು, ಗಾಳಿಗೆ ಹಾರಿ ಹೋಗಬಾರದಂತ ಇಟ್ಟಿರತಾರ.

ಇಲ್ಲಿ ಒಬ್ರು, ಅಲ್ಲಿ ಕಂಬದ ಹಂತೇಕ ಕುಂತೋರು, ತಲಿ ಅಲ್ಲಾಡಸಾಕ ಹತ್ತ್ಯಾರ. ಗೊತ್ತೈತಿ ನೀವ ಏನ ಕೇಳ್ತೀರಿ ಅಂತ. ನಮಗ ಗೃಹಜ್ಯೋತಿ ಐತಲ್ರಿ, ಬಿಲ್ಲ ಝೀರೋ ಬರತೈತಿ, ಸೋಲಾರ್ ಯಾಕ ಬೇಕು? ಬರೋಬ್ಬರಿ ಮಾತು. ಗೃಹಜ್ಯೋತಿ ಇಂದ ಮನಿ ನಡಸೋ ಹೆಣಮಕ್ಕಳಿಗೆ ಎಷ್ಟ ಆಧಾರ ಆಗೇತಿ ಅಂತ ನಿಮಗ ನಾ ಹೇಳಬೇಕಿಲ್ಲ. ಆದ್ರ ಅದರ ಲೆಕ್ಕಾ ಹೆಂಗ ಮಾಡ್ತಾರ ಅನ್ನೂದನ್ನ ಭಾಳ ಮಂದಿ ಪೂರ್ತಿ ನೋಡಿಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬ್ಯಾಸರಾ ಮಾಡಕೋಬ್ಯಾಡ್ರಿ.

ಎಲ್ಲಾರಿಗೂ 200 ಯೂನಿಟ್ ಫ್ರೀ ಅಂತ ತಿಳಕೊಂಡೇವಿ. ಹಂಗಿಲ್ಲ. 2022-23ನೇ ವರ್ಷದಾಗ ನೀವು ತಿಂಗಳಿಗೆ ಸರಾಸರಿ ಎಷ್ಟ ಉರಸಿದ್ರಿ, ಅದಕ್ಕ ನೂರಕ್ಕ ಹತ್ತರಷ್ಟು ಸೇರಸಿ, ಅದು ನಿಮ್ಮ ಪಾಲು. 48 ಯೂನಿಟ್‌ಗಿಂತ ಕಡಿಮಿ ಇದ್ದೋರಿಗೆ ಆಮ್ಯಾಲ 2024ರಾಗ ಹತ್ತ ಪರ್ಸೆಂಟ್ ಬದಲಿ ಹತ್ತ ಯೂನಿಟ್ ಅಂತ ಮಾಡಿದ್ರು. ನಿಮ್ಮ ಪಾಲ ದಾಟಿದ್ರ ದಾಟಿದಷ್ಟಕ್ಕ ಬಿಲ್ಲು, 200 ದಾಟಿದ್ರ ಪೂರ್ತಿ ಬಿಲ್ಲು. ಈಗ ಇಬ್ರನ್ನ ತಗೋರಿ. ಒಬ್ಬರ ಮನಿ ಆವಾಗ 170 ಯೂನಿಟ್ ಉರಸ್ತಿತ್ತು, ಫ್ರಿಜ್ಜು, ಟಿವಿ, ವಾಷಿಂಗ್ ಮಷೀನ್ ಎಲ್ಲಾ ಇತ್ತು, ಅವರಿಗೆ 187 ಯೂನಿಟ್ ಪುಕ್ಕಟ. ಇನ್ನೊಬ್ಬರ ಮನ್ಯಾಗ ಎರಡ ಬಲ್ಬು, ಒಂದ ಹಳೇ ಫ್ಯಾನು, 40 ಯೂನಿಟ್, ಅವರಿಗೆ 50 ಪುಕ್ಕಟ. ಈ ಎರಡನೇ ಮನ್ಯಾಗ ಮಗಳು ಕಾಲೇಜಿಗೆ ಸೇರಿದ್ಲು, ಓದಾಕ ಇನ್ನೊಂದ ಫ್ಯಾನ್ ಹಾಕಿದ್ರು, ಸೆಕೆಂಡ್‌ಹ್ಯಾಂಡ್ ಫ್ರಿಜ್ ತಂದ್ರು ಅಂದ್ರ ಅಲ್ಲಿಂದ ಮೀಟರ್ ತಿರಗಿದಷ್ಟೂ ಅವರ ಕಿಸೆದಿಂದ. ಮೊದಲ ಹೆಚ್ಚ ಉರಸಿದಾವಗ ಹೆಚ್ಚ ಫ್ರೀ, ಕಡಿಮಿ ಉರಸಿದಾವಗ ಕಡಿಮಿ ಫ್ರೀ. ಯಾರೂ ಬೇಕಂತ ಹಂಗ ಮಾಡಿಲ್ಲ, ದುರುಪಯೋಗ ಆಗಬಾರದಂತ ಮಾಡಿದ ನಿಯಮ ಅದು, ಆದ್ರ ಬಿದ್ದದ್ದು ಬಡವರ ಮ್ಯಾಲ.

ಇದರಾಗಿಂದ ನನಗ ಹೊಳದ ಒಂದ ವಿಚಾರ ಐತಿ, ಇವತ್ತ ನಾ ಹೇಳಬೇಕಂತ ಬಂದಿದ್ದ ಅದನ್ನ. ನಿಮ್ಮ ಪಾಲಿನ ಒಳಗ ಉರಸಿದ ಕರೆಂಟಿನ ರೊಕ್ಕ ಯಾರ ಕೊಡ್ತಾರ? ಸರ್ಕಾರ ನಮ್ಮ ಕಡೆ ಕರೆಂಟ್ ಕೊಡೋ ಕಂಪನಿ ಹೆಸ್ಕಾಂಗೆ ಕೊಡತೈತಿ. ಅಂದ್ರ ನಿಮ್ಮ ಮನ್ಯಾಗ ಕರೆಂಟ್ ಉಳದ್ರ ಲಾಭ ನಿಮಗಲ್ಲ, ಸರ್ಕಾರಕ್ಕ. ಹಂಗಿದ್ದ ಮ್ಯಾಲ ಉಳಸೋ ಸಾಮಾನಿನ ಖರ್ಚ ಯಾರ ಹೊರಬೇಕು?

ಫ್ಯಾನಿನ ಉದಾಹರಣಿ ತಗೊಳ್ಳೋಣು. ನಮ್ಮ ಮನ್ಯಾಗ ತಿರಗೂ ಹಳೇ ಸೀಲಿಂಗ್ ಫ್ಯಾನು 70-75 ವ್ಯಾಟ್ ತಿಂತೈತಿ. ಈಗ ಬಂದಿರೂ ಬಿಎಲ್‌ಡಿಸಿ ಫ್ಯಾನು, ರಿಮೋಟ್ ಇರತೈತಲ್ಲ ಅದು, 30 ವ್ಯಾಟ್ ಆಸುಪಾಸು. ದಿನಕ್ಕ 12 ತಾಸು ತಿರಗತೈತಿ ಅನ್ರಿ, ಹುಬ್ಬಳ್ಳ್ಯಾಗ ಬ್ಯಾಸಗಿ ಮುಗದ್ರೂ ಸೊಳ್ಳಿ ಸಂಬಂಧ ಹಾಕಬೇಕಲ್ಲ, ಹಳೇದು ತಿಂಗಳಿಗೆ 27 ಯೂನಿಟ್, ಹೊಸಾದು 11. ತಿಂಗಳಿಗೆ 16 ಯೂನಿಟ್ ಉಳೀತು. ಯೂನಿಟ್ಟಿಗೆ ಹತ್ತಿರತ್ತಿರ 6 ರೂಪಾಯಿ ಹಿಡದ್ರ ತೊಂಬತ್ತಾರು ರೂಪಾಯಿ. ಅಂಗಡ್ಯಾಗ ಆ ಫ್ಯಾನು ಎರಡೂವರೆಯಿಂದ ಮೂರ ಸಾವಿರ. ಬಿಲ್ ಝೀರೋ ಬರೂ ಮನಿಯವ್ವ ಅಷ್ಟ ರೊಕ್ಕಾ ಕೊಟ್ಟು ಯಾಕ ತರತಾಳ? ಅಕಿ ಶ್ಯಾಣ್ಯಾಕಿ, 1,200 ರೂಪಾಯಿ ಫ್ಯಾನ್ ತರತಾಳ, ನಾನಿದ್ರೂ ಹಂಗ ಮಾಡತಿದ್ದೆ. ಆದ್ರ ಸರ್ಕಾರದ ಕಡಿಂದ ನೋಡ್ರಿ. ಅದು ತನ್ನ ರೊಕ್ಕದಾಗ ಅಕಿಗೆ ಈ ಫ್ಯಾನ್ ಕೊಟ್ರ ಎರಡೂವರೆ ವರ್ಷದಾಗ ಆ ರೊಕ್ಕ ವಾಪಸ್ ಬಂದುಬಿಡತೈತಿ, ಆಮ್ಯಾಲ ಫ್ಯಾನ್ ತಿರಗೂತನಾ ಉಳತಾಯನ. ದಾನಾ ಧರ್ಮದ ಮಾತಲ್ರಿ ಇದು, ವ್ಯಾಪಾರದ ಲೆಕ್ಕಾ.

ಇಂಥಾದು ನಮ್ಮ ದೇಶದಾಗ ಆಗಿಲ್ಲೇನು? ಆಗೇತಿ. ಎಲ್ಇಡಿ ಬಲ್ಬ್ ನೆನಪ ಮಾಡಕೋರಿ. 2015ರಾಗ ಉಜಾಲಾ ಅಂತ ಬಂತು, ನಮ್ಮಲ್ಲಿ ಹೊಸ ಬೆಳಕು ಅಂತ ಕರದ್ರು, ಬಿಲ್ ತೋರಿಸಿ ಕೌಂಟರ್ ಮುಂದ ಸಾಲ ಹಚ್ಚಿ ತಂದಿದ್ರಿ. ಆ ಬಲ್ಬನ್ನ ಸರ್ಕಾರದ ಕಂಪನಿ ಇಇಎಸ್ಎಲ್ 2014ರಾಗ ಒಂದಕ್ಕ 310 ರೂಪಾಯಿಗೆ ಖರೀದಿ ಮಾಡತಿತ್ತು, ಕೋಟಿಗಟ್ಟಲೆ ಒಮ್ಮೇ ಖರೀದಿ ಮಾಡಾಕ ಹತ್ತಿದ ಮ್ಯಾಲ ಎರಡ ಮೂರ ವರ್ಷದಾಗ 38 ರೂಪಾಯಿಗೆ ಇಳೀತು. 36 ಕೋಟಿ ಮ್ಯಾಲ ಬಲ್ಬ್ ಹಂಚಿದ್ರು. ಕೆಲವು ರಾಜ್ಯದಾಗ ಅದೂ ಮುಂಗಡ ರೊಕ್ಕಾ ಪೂರ್ತಿ ಕೊಡದ, ತಿಂಗಳಿಗೆ ಹತ್ತ ರೂಪಾಯಿ ಬಿಲ್ಲಿನ್ಯಾಗ ಹಿಡಕೊಂಡ್ರು. ಗಮನಸ್ರಿ, ಅಲ್ಲಿ ಯಾರೂ ಉತಾರ ಕೇಳಲಿಲ್ಲ, ಸ್ಲ್ಯಾಬ್ ಐತೇನು ಅಂತ ಕೇಳಲಿಲ್ಲ, ಬಾಡಗಿ ಮನಿ ಏನು ಅಂತ ಕೇಳಲಿಲ್ಲ. ಕರೆಂಟ್ ಬಿಲ್ ಒಂದ ಇದ್ರ ಸಾಕಾತು. ಹಂಗಾಗಿ ಅದು ಎಲ್ಲಾರ ಮನಿಗೂ ಮುಟ್ಟತು. ಫ್ಯಾನಿಗೂ ಇದ ದಾರಿ ಐತಿ ಅಂತ ದಿಲ್ಲಿಯವರಿಗೂ ಗೊತ್ತೈತಿ, 2023ರಾಗ ಇಇಎಸ್ಎಲ್ ಒಂದ ಕೋಟಿ ಫ್ಯಾನಿನ ಕಾರ್ಯಕ್ರಮ ಹೇಳೇತಿ. ನಮ್ಮ ರಾಜ್ಯ ಗೃಹಜ್ಯೋತಿ ಪಟ್ಟಿ ಕೈಯಾಗ ಇಟ್ಕೊಂಡ ಕುಂತೈತಿ, ಯಾರ ಮನ್ಯಾಗ ಎಷ್ಟ ಯೂನಿಟ್ ಅಂತ ಎಲ್ಲಾ ಗೊತ್ತು. ಆ ಪಟ್ಟ್ಯಾಗ ಕೆಳಗಿನವರಿಂದ ಶುರು ಮಾಡ್ರಿ ಅನ್ನೂದ ನನ್ನ ವಾದ.

ಫ್ಯಾನ್ ಸಣ್ಣ ಮಾತು. ದೊಡ್ಡ ಮಾತು ತಲಿ ಮ್ಯಾಲಿಂದು.

ನಮ್ಮ ಕಡೆ ಹಳೇ ಮನಿಗೋಳು ಹೆಂಗಿದ್ವು? ಮಣ್ಣಿನ ಮಾಳಗಿ, ಗೇಣುಗಟ್ಟಲೆ ದಪ್ಪ ಕರಲ ಮಣ್ಣು, ದಪ್ಪ ಗ್ವಾಡಿ, ಮ್ಯಾಲ ಬೆಳಕಿಂಡಿ. ಗದಗ, ನರಗುಂದ, ರೋಣದ ಕಡೆ ಈಗೂ ಅದಾವು. ಏಪ್ರಿಲ್‌ನಾಗ ಹೊರಗ 38-39 ಡಿಗ್ರಿ ಇದ್ರೂ ಒಳಗ ಹೋದ್ರ ಮಧ್ಯಾಹ್ನ ನಿದ್ದಿ ಬರತಿತ್ತು. ಆದ್ರ ವರ್ಷಾ ಮಣ್ಣ ಹಾಕಬೇಕು, ಕೆಲಸ ಬಲ್ಲೋರು ಸಿಗಬೇಕು, ಮಳಿ ಜಡಿ ಹಿಡದ್ರ ಗ್ವಾಡಿ ನೆನದು ಬೀಳೂ ಭಯ. 2019ರ ಆಗಸ್ಟ್ ಮಳಿ ನೆನಪೈತಲ್ಲ, ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾದಾಗ ಎಷ್ಟ ಮಣ್ಣಿನ ಮನಿ ಕುಸದ್ವು. ಪೂರ್ತಿ ಬಿದ್ದ ಮನಿಗೆ ಐದ ಲಕ್ಷ ಅಂತ ಸರ್ಕಾರ ಹೇಳತು, ಅರ್ಧಂಬರ್ಧ ಬಿದ್ದದ್ದಕ್ಕ ಅದಕ್ಕಿಂತ ಭಾಳ ಕಡಿಮಿ. ಆ ರೊಕ್ಕದಾಗ ಮಂದಿ ಏನ ಕಟ್ಟಿದ್ರು? ಸಿಮೆಂಟ್ ಬ್ಲಾಕಿನ ಗ್ವಾಡಿ, ಮ್ಯಾಲ ಪತ್ರಾಸು. ಹಳ್ಳಿ ಆವಾಸ್ ಯೋಜನೆಯೊಳಗ ಬಯಲ ಸೀಮಿಗೆ ಕೇಂದ್ರದ ನೆರವು 1.20 ಲಕ್ಷ, ಅದರಾಗ ಸ್ಲ್ಯಾಬ್ ಎಲ್ಲಿ ಬರಬೇಕು, ಮತ್ತ ಪತ್ರಾಸು. ಬೀಳೂ ಭಯ ಹೋತು, ಬೇಯೂ ಕಾಲ ಬಂತು.

ಒಂದ ಅಂತಸ್ತಿನ ಮನ್ಯಾಗ ಹಗಲಿನ ಕಾವು ಹೆಚ್ಚಿಗಿ ಬರೂದು ಮ್ಯಾಲಿಂದ. ಪತ್ರಾಸು ಅಂದ್ರ ತಲಿ ಮ್ಯಾಲ ಬೋರಲ ಹಾಕಿದ ಕಾದ ಹಂಚು. ಫ್ಯಾನ್ ಹಾಕಿದ್ರ ಅದ ಬಿಸಿ ಗಾಳಿನ ಕೆಳಗ ತರತೈತಿ. ಇಲ್ಲಿ ರೊಟ್ಟಿ ಬಡಿಯೋ ಅಕ್ಕಾರು ಭಾಳ ಮಂದಿ ಬಂದೀರಿ, ಖಾನಾವಳಿಗೆ ಕೊಡೋರು. ಕಾವಲಿ ಕಾವು ಕೆಳಗಿಂದ, ಪತ್ರಾಸ್ ಕಾವು ಮ್ಯಾಲಿಂದ, ನಡಕ ನೀವು, ಒಲಿ ಉರಿ ಅಲಗತೈತಿ ಅಂತ ಫ್ಯಾನೂ ಹಾಕಾಕ ಬರೂದಿಲ್ಲ. ಮಧ್ಯಾಹ್ನ ಹನ್ನೆರಡರ ಮ್ಯಾಲ ಕೆಲಸ ನಿಲ್ಲಸ್ತೀವಿ ಅಂತ ಒಬ್ರು ಹೇಳಿದ್ರು, ಅಂದ್ರ ಬ್ಯಾಸಗಿ ಮೂರ ತಿಂಗಳು ದುಡಿಮಿ ಕಡಿಮಿ. ಇದು ಯಾವ ಕರೆಂಟ್ ಬಿಲ್ಲಿನ್ಯಾಗೂ ಕಾಣೂದಿಲ್ಲ. ಎಸಿ ಇದ್ದೋರ ಮನ್ಯಾಗ ಬಿಸಲು ಬಿಲ್ಲಾಗಿ ಬರತೈತಿ, ಹಂಗಾಗಿ ಅವರಿಗೆ ಉಳತಾಯ ಯೋಜನೆ ಲಾಭ ಅಂತ ಲೆಕ್ಕಾ ತೋರಸಬಹುದು. ನಿಮ್ಮ ಮನ್ಯಾಗ ಬಿಸಲು ಮೈಮ್ಯಾಲ ಬರತೈತಿ, ಆ ಲೆಕ್ಕಾ ಬರಿಯೋರ ಇಲ್ಲ. ಯೋಜನೆ ಮಾಡೋರು ಎಷ್ಟ ಯೂನಿಟ್ ಉಳೀತು ಅಂತ ಕೇಳ್ತಾರ. 40 ಯೂನಿಟ್ ಉರಸೂ ಮನ್ಯಾಗ ಎಷ್ಟಂತ ಉಳಸ್ತೀರಿ? ಅಲ್ಲಿ ಕೇಳಬೇಕಾದ್ದು ಒಳಗ ಎಷ್ಟ ಡಿಗ್ರಿ ಇಳೀತು ಅಂತ.

ಇಳಸಾಕ ಬರತೈತಿ, ತುಟ್ಟೀನೂ ಅಲ್ಲ. ಬಿಳಿ ಬಣ್ಣ. ಬಿಸಲು ತಿರುಗಿ ಹೊಡಿಯೋ ಬಿಳಿ ಬಣ್ಣ ಮ್ಯಾಲ ಹಚ್ಚಿದ್ರ ಒಳಗ ಎರಡರಿಂದ ಐದ ಡಿಗ್ರಿತನಾ ಇಳೀತೈತಿ. ಅಹಮದಾಬಾದಿನವರು 2013ರಾಗ ಬಿಸಿಲಿನ ಕಾಟ ತಡಿಯೋ ಯೋಜನೆ ಅಂತ ಮಾಡಿದ್ರು, ಆಮ್ಯಾಲ ಬಡವರ ಓಣ್ಯಾಗ ಮನಿ ಮ್ಯಾಲ ಬಿಳಿ ಹಚ್ಚಿಸಿದ್ರು, ಮಹಿಳಾ ಹೌಸಿಂಗ್ ಟ್ರಸ್ಟ್ ಅಂತ ಸಂಸ್ಥಾ ಐತಿ ಅಲ್ಲಿ, ಹೆಣಮಕ್ಕಳನ್ನ ತಯಾರ ಮಾಡಿ ಈ ಕೆಲಸ ಮಾಡತಾರ. ನಮ್ಮ ಬಾಜು ರಾಜ್ಯ ತೆಲಂಗಾಣ 2023ರಾಗ ಕೂಲ್ ರೂಫ್ ಪಾಲಿಸಿ, ಅಂದ್ರ ತಂಪ ಚಾವಣಿ ನೀತಿ ಅಂತನ ತಂತು, ಐದ ವರ್ಷದ್ದು. ದೊಡ್ಡ ಕಟ್ಟಡಕ್ಕ ಕಡ್ಡಾಯ, ಸರ್ಕಾರ ಬಡವರಿಗೆ ಕಟ್ಟಸೂ ಮನಿಗೂ ಕಡ್ಡಾಯ. ಈ ಎರಡನೇದು ನನಗ ಸೇರತು. ಕಟ್ಟೂವಾಗನ ಮಾಡಿದ್ರ ಸೋವಿ, ಆಮ್ಯಾಲ ಮಾಡಸಾಕ ಹೋದ್ರ ದುಪ್ಪಟ್ಟು, ಆ ದುಪ್ಪಟ್ಟ ಬಡವನ ತಲಿಗೆ ಬರತೈತಿ.

ಸುಣ್ಣಾ ಹಚ್ಚಿದ್ರ ನಡಿಯೂದಿಲ್ಲೇನು ಅಂತ ಕೇಳ್ತೀರಿ. ನಡೀತೈತಿ, ಸ್ಲ್ಯಾಬಿಗೆ ಚಲೋನ ನಡೀತೈತಿ, ಅಂಟು ಕೂಡಸಿ ಹಚ್ಚಿದ್ರ ಒಂದ ಬ್ಯಾಸಗಿ ಕಳೀತೈತಿ, ಮಳಿಗೆ ತೊಳಕೊಂಡ ಹೋಗತೈತಿ, ಮತ್ತ ಮುಂದಿನ ವರ್ಷ ಫೆಬ್ರುವರಿ ಮಾರ್ಚಿಗೆ ಹಚ್ಚಬೇಕು. ಪತ್ರಾಸಿಗೆ ಬರೇ ಸುಣ್ಣಾ ಹಿಡಿಯೂದಿಲ್ಲ, ಉದರತೈತಿ, ಅದಕ್ಕ ಬ್ಯಾರೆ ಬಣ್ಣ ಬೇಕು, ತುಟ್ಟಿ, ಆದ್ರ ಕೆಲವು ವರ್ಷ ಬಾಳಕಿ ಬರತೈತಿ. ಇನ್ನ ನಮ್ಮ ಹುಬ್ಬಳ್ಳಿ ಧೂಳು, ಅದನ್ನ ಯಾರ ಮರೀಬೇಕು. ರಸ್ತೆ ಅಗದು ಬಿಟ್ಟ ಓಣ್ಯಾಗ ಹದಿನೈದ ದಿನದಾಗ ಬಿಳಿ ಬಣ್ಣ ಕೆಂಪಗ ಆಗತೈತಿ, ಕೆಂಪಾದ್ರ ಬಿಸಲು ತಿರುಗಿ ಹೊಡಿಯೂ ಗುಣಾ ಕಡಿಮಿ ಆತು. ವಾರಕ್ಕೊಮ್ಮೆ ನೀರ ಹೊಡೀರಿ ಅಂತ ಹೇಳಾಕ ನನಗ ನಾಚಿಕಿ ಬರತೈತಿ, ನಳಾ ಬರೂದ ಎಷ್ಟ ದಿನಕ್ಕೊಮ್ಮೆ ಅಂತ ನನಗೂ ಗೊತ್ತೈತಿ.

ಸ್ವಲ್ಪ ಹೊರಗಿನ ಮಾತು, ಯಾಕಂದ್ರ ಈ ತೊಡಕು ನಮ್ಮದೊಂದ ಅಲ್ಲ. ಇಂಗ್ಲೆಂಡಿನ್ಯಾಗ ಮನಿ ತಂಪಾಗಬಾರದು, ಅವರಿಗೆ ಥಂಡಿ ಕಾಟ. ಗ್ವಾಡಿಗೆ, ಮ್ಯಾಲ ಚಾವಣಿಗೆ ಬೆಚ್ಚಗಿನ ಪದರ ಹಾಕಸ್ತಾರ. 2013ರಾಗ ಗ್ರೀನ್ ಡೀಲ್ ಅಂತ ಮಾಡಿದ್ರು, ಸಾಲಾ ತಗೊಂಡ ಮಾಡಸ್ರಿ, ಬಿಲ್ಲಿನ್ಯಾಗ ತೀರಸ್ರಿ ಅಂತ. ಕೇಳಾಕ ಭಾಳ ಚಂದ. ಬಡ್ಡಿ ಹೆಚ್ಚಾತು, ಕಾಗದಪತ್ರ ಹೆಚ್ಚಾತು, ಮಂದಿ ತಿರುಗಿ ನೋಡಲಿಲ್ಲ, 2015ರಾಗ ಸರ್ಕಾರನ ರೊಕ್ಕಾ ನಿಲ್ಲಸತು. ಅಮೆರಿಕಾದಾಗ 2022ರ ಕಾನೂನಿನ್ಯಾಗ ಮನಿ ಸುಧಾರಣಾಕ್ಕ ಇನ್ಕಮ್ ಟ್ಯಾಕ್ಸಿನ್ಯಾಗ ರಿಯಾಯ್ತಿ ಹೆಚ್ಚ ಮಾಡಿದ್ರು. ಟ್ಯಾಕ್ಸ್ ಕಟ್ಟೂವಷ್ಟು ಗಳಿಕಿನ ಇಲ್ಲದಾವಗ ಟ್ಯಾಕ್ಸ್ ರಿಯಾಯ್ತಿ ಕೊಟ್ರ ಏನ ಬಂತು? ಉಳ್ಳೋರು ತಗೊಂಡ್ರು. ಆದ್ರ ಅದ ಅಮೆರಿಕಾದಾಗ 1976ರಿಂದ ಇನ್ನೊಂದ ಕಾರ್ಯಕ್ರಮ ಐತಿ, ಬಡವರ ಮನಿಗೆ ತಾವ ಹೋಗಿ ಪುಕ್ಕಟ ರಿಪೇರಿ ಮಾಡಿ ಬರೂದು. ಅದ ಬರೋಬ್ಬರಿ ದಾರಿ, ಮತ್ತ ಅದರಾಗೂ ಒಂದ ಅಡಚಣಿ ಬಂತು, ಅದನ್ನ ಕೇಳ್ರಿ. ಸೋರೂ ಚಾವಣಿ, ಕೆಟ್ಟ ವೈರಿಂಗ್ ಇರೂ ಮನಿಗೆ ಹೋದ್ರ, ಮೊದಲ ಇದನ್ನ ರಿಪೇರಿ ಮಾಡಸ್ರಿ ಆಮ್ಯಾಲ ಬರ್ತೀವಿ ಅಂತ ತಿರುಗಿ ಹೋಗತಿದ್ರು. ರಿಪೇರಿಗೆ ರೊಕ್ಕ ಬ್ಯಾರೆ ಖಾತೆದು, ಆ ಖಾತೆದಾಗ ಇಲ್ಲ. ಹಿಂಗಾಗಿ ಎಲ್ಲಾಕಿಂತ ಕೆಟ್ಟ ಮನಿ ಎಲ್ಲಾಕಿಂತ ಹಿಂದ ಉಳೀತು.

ನಮ್ಮಲ್ಲೂ ಅದ ಆಗತೈತಿ. ಜಂಗ ಹತ್ತಿದ ಪತ್ರಾಸು, ಮೊಳೆ ತೂತಿನ್ಯಾಗಿಂದ ಸೋರತೈತಿ, ಅದರ ಮ್ಯಾಲ ಬಣ್ಣ ಹಚ್ಚಿದ್ರ ಒಂದ ಮಳಿಗೆ ಹೋತು. ವೈರಿಂಗ್ ಅಂತೂ ಕೇಳಬ್ಯಾಡ್ರಿ, ಅರ್ಥಿಂಗ್ ಇಲ್ಲ, ಒಂದ ಸಾಕೆಟ್ಟಿಗೆ ಫ್ರಿಜ್ಜೂ ಅದ, ನೀರ ಕಾಯಸೂ ಕಾಯಿಲ್ಲೂ ಅದ. ಪತ್ರಾಸ್ ಮನ್ಯಾಗ ವೈರ್ ಸುಟ್ಟು ತಗಡಿಗೆ ತಾಗಿದ್ರ ಮನಿಗೆ ಮನೀನ ಕರೆಂಟ್. ಹಂಗಾಗಿ ಯಾವುದರ ಯೋಜನೆ ಬಂದ್ರ ಬರೇ ಫ್ಯಾನ್, ಬರೇ ಬಣ್ಣ ಅಂತ ಹಂಚಿ ಹೋಗೂದಲ್ಲ, ಮೊಳೆ ತೂತ ಮುಚ್ಚೂದು, ವೈರಿಂಗ್ ಸರಿ ಮಾಡೂದು, ಅರ್ಥಿಂಗ್ ಹಾಕೂದು ಇದೂ ಅದ ಖರ್ಚಿನ್ಯಾಗ ಇರಬೇಕು ಅಂತ ನಾವ ಮೊದಲ ಹೇಳಬೇಕು. ಇಲ್ಲಾಂದ್ರ ಚಲೋ ಇದ್ದ ಮನಿಗಷ್ಟ ಮಾಡಿ, ಫೋಟೋ ಹೊಡಕೊಂಡು, ಗುರಿ ಮುಟ್ಟತು ಅಂತ ಬರೀತಾರ.

ಸೋಲಾರ್ ಬೇಕ ಬೇಕು ಅನ್ನೋರಿಗೆ ಒಂದ ಮಾತು. ಮನಿ ಮ್ಯಾಲ ಜಾಗಾ ಇಲ್ದೋರಿಗೆ ಬ್ಯಾರೆ ಕಡೆ ಪ್ಯಾನೆಲ್ ಕೂಡಸಿ ಅದರ ಯೂನಿಟ್ಟನ್ನ ನಾಕಾರ ಮನಿ ಬಿಲ್ಲಿಗೆ ಹಂಚೂ ಪದ್ಧತಿ ಐತಿ, ವರ್ಚುವಲ್ ನೆಟ್ ಮೀಟರಿಂಗ್ ಅಂತಾರ, ದಿಲ್ಲ್ಯಾಗ ಅದಕ್ಕ ನಿಯಮ ಮಾಡ್ಯಾರ. ಸಾಲಿ ಮ್ಯಾಲ, ಸಮುದಾಯ ಭವನದ ಮ್ಯಾಲ, ಈ ಭವನದ ಮ್ಯಾಲನ ನೋಡ್ರಿ ಎಷ್ಟ ಜಾಗಾ ಖಾಲಿ ಬಿದ್ದೈತಿ. ಕಪ್ಪತಗುಡ್ಡದ ಕಡೆ ಹೋದ್ರ ಸಾಲಕ್ಕ ಕರೆಂಟ್ ಮಾಡೂ ಗಾಳಿ ಫ್ಯಾನ್ ತಿರಗತಿರತಾವು, ಅದರ ಬುಡಕ್ಕಿರೂ ಹಳ್ಳ್ಯಾಗ ಕರೆಂಟ್ ಹೋದ್ರ ಅವರೂ ಕತ್ತಲದಾಗನ ಕುಂದರತಾರ. ಕರೆಂಟ್ ಎಲ್ಲಿ ಹುಟ್ಟತೈತಿ ಅನ್ನೂದಕ್ಕೂ ಯಾರಿಗೆ ಸಿಗತೈತಿ ಅನ್ನೂದಕ್ಕೂ ಸಂಬಂಧ ಇಲ್ಲ, ಅದು ನಿಯಮ ಹೆಂಗ ಬರದಾರ ಅನ್ನೂದರ ಮ್ಯಾಲ.

ಕಡೀಕ ಹಿಂದಿಂದ ಒಬ್ರ ಅಕ್ಕಾರು ಒಂದ ಪ್ರಶ್ನೆ ಕೇಳಿದ್ರು, ಬಾಡಗಿ ಮನಿಗೆ ನಾವ ಬಣ್ಣ ಹಚ್ಚಿಸಿ ತಂಪ ಮಾಡಿದ್ರ ಮಾಲಕರು ಮನಿ ಚಲೋ ಆತಂತ ಬಾಡಗಿ ಏರಸ್ತಾರಲ್ರಿ ಅಂತ. ಏರಸ್ತಾರ್ರೀ ಅಕ್ಕಾರ, ಖರೆ. ಮಾಲಕಗ ಖರ್ಚ ಮಾಡಾಕ ಮನಸಿಲ್ಲ, ಯಾಕಂದ್ರ ಕಾವು ಅವಗ ಹತ್ತೂದಿಲ್ಲ, ನಿಮಗ ಮನಸಿಲ್ಲ, ಯಾಕಂದ್ರ ಮನಿ ನಿಮ್ಮದಲ್ಲ. ಇಂಗ್ಲೆಂಡಿನ್ಯಾಗ 2018ರಿಂದ ಇಷ್ಟರ ಮಟ್ಟಿಗೆ ಬೆಚ್ಚಗಿಲ್ಲದ ಮನಿ ಹೊಸದಾಗಿ ಬಾಡಗಿಗೆ ಕೊಡಂಗಿಲ್ಲ ಅಂತ ಕಾನೂನ ಮಾಡಿದ್ರು. ನಮ್ಮಲ್ಲಿ ಅಂಥಾದು ಇಲ್ಲ, ಮಾಡಿದ್ರೂ ಬಡವರ ಬಾಡಗಿ ಮನಿಗೆ ಬಂದು ನೋಡೋರು ಯಾರು. ಅದಕ್ಕ ನಾ ಹೇಳೂದು ಹಿಂಗ: ಸರ್ಕಾರ, ಪಾಲಿಕೆ, ಸಂಘ, ಯಾರದರ ರೊಕ್ಕದಾಗ ಬಾಡಗಿ ಮನಿಗೆ ಕೆಲಸ ಆದ್ರ, ಮಾಲಕರ ಕಡಿಂದ ಬಾಂಡ್ ಪೇಪರ್ ಮ್ಯಾಲ ಬರಸ್ಕೋಬೇಕು, ಎರಡ ವರ್ಷ ಬಾಡಗಿ ಏರಸೂದಿಲ್ಲ, ಮನಿ ಬಿಡಸೂದಿಲ್ಲ ಅಂತ. ಸಹಿ ಮಾಡದ ಮಾಲಕರ ಮನಿಗೆ ಪುಕ್ಕಟ ಬಣ್ಣ ಇಲ್ಲ. ನಿಮ್ಮದ ರೊಕ್ಕದಾಗ ಮಾಡೂದಿದ್ರ ಚಾವಣಿಗೆ ಖರ್ಚ ಮಾಡಬ್ಯಾಡ್ರಿ, ಬಿಚ್ಚಿ ಒಯ್ಯಾಕ ಬರೂವಂಥಾದ್ದಕ್ಕ ಮಾಡ್ರಿ, ಫ್ಯಾನ್ ಚಲೋದ ತಗೋರಿ, ಮನಿ ಬದಲಿ ಮಾಡೂವಾಗ ಬಿಚ್ಕೊಂಡ ಹೋಗ್ರಿ. ಮತ್ತ ಹಳೇ ಮನ್ಯಾಗ ಗೃಹಜ್ಯೋತಿ ನಿಮ್ಮ ಆಧಾರಿಗೆ ಹಚ್ಚಿದ್ರ ಬಿಡೂವಾಗ ಡಿ-ಲಿಂಕ್ ಮಾಡಿಸಿ, ಅಂದ್ರ ಆ ಜೋಡಣಿ ಬಿಡಿಸಿ ಬರ್ರಿ, ಇಲ್ಲಾಂದ್ರ ಹೊಸಾ ಮನ್ಯಾಗ ಅರ್ಜಿ ತಗೋಳೂದಿಲ್ಲ.